ಬಚ್ಚಲ ನೊಣಕ್ಕೆಂದು ಆಸಿಡ್ ಮೇಲೆ ಬ್ಲೀಚ್ ಸುರಿದೆ, ನೀವು ಸುರಿಯಬೇಡಿ

ಪೂರ್ತಿ ಓದಲು ಪುರುಸೊತ್ತಿಲ್ಲದವರು ಇಷ್ಟನ್ನಾದರೂ ಓದಿ. ಟಾಯ್ಲೆಟ್ ತೊಳೆಯುವ ಆಸಿಡ್ ಬಿದ್ದ ಮೋರಿಗೆ ಬ್ಲೀಚ್ ಹಾಕಬೇಡಿ. ಬ್ಲೀಚ್ ಬಿದ್ದ ಮೋರಿಗೆ ಆಸಿಡ್ ಹಾಕಬೇಡಿ. ನಡುವೆ ಅರ್ಧ ಗಂಟೆ ಬಿಟ್ಟಿದ್ದೇನಲ್ಲ ಎಂಬ ಧೈರ್ಯವೂ ಬೇಡ. ನಾನು ಅರ್ಧ ಗಂಟೆ ಬಿಟ್ಟಿದ್ದೆ. ಆದರೂ ಒಂದು ರಾತ್ರಿ ಆಕ್ಸಿಜನ್ ಮಾಸ್ಕ್ ಹಾಕಿಕೊಂಡು ಆಸ್ಪತ್ರೆಯಲ್ಲಿ ಮಲಗಬೇಕಾಯಿತು.

ಬಚ್ಚಲುಮನೆಯ ಗೋಡೆಯ ಮೇಲೆ ಎರಡು ಮೂರು ಬೂದು ಹುಳು ಕಾಣಿಸಿಕೊಂಡಾಗ ನಾನೂ ಎಲ್ಲರ ಹಾಗೆ ನೀರು ಎರಚಿ ಸುಮ್ಮನಾಗಿದ್ದೆ. ಎರಡರಿಂದ ಐದು ಮಿಲಿಮೀಟರ್ ಉದ್ದ, ಮೈ ರೆಕ್ಕೆಗಳ ತುಂಬ ನವಿರು ಕೂದಲು, ಕೂತಾಗ ಪುಟ್ಟ ಪತಂಗದ ಹಾಗೆ ಕಾಣುತ್ತವೆ. ಒರೆಸಿದರೆ ಗೋಡೆಯ ಮೇಲೆ ಬೂದಿ ಮೆತ್ತಿದಂಥ ಗುರುತು. ದೂರ ಹಾರಲಾರವು, ಕುಪ್ಪಳಿಸಿದಂತೆ ಎದ್ದು ಮತ್ತೆ ಅದೇ ಗೋಡೆಗೆ ಕೂರುತ್ತವೆ. ಹಣ್ಣಿನ ಬುಟ್ಟಿಯ ಸುತ್ತ ಸುಳಿಯುವ ಕೆಂಪು ಕಣ್ಣಿನ ಸಣ್ಣ ನೊಣವೇ ಬೇರೆ, ಇದೇ ಬೇರೆ. ಇದು ಕಚ್ಚುವುದಿಲ್ಲ. ಆದರೆ ಹುಟ್ಟುವುದು ಕೊಳಚೆಯಲ್ಲಿ, ಕೂರುವುದು ನಮ್ಮ ಟವೆಲ್, ಹಲ್ಲುಜ್ಜುವ ಬ್ರಷ್ ಮೇಲೆ. ಅದನ್ನು ನೋಡಿಕೊಂಡು ಇರಲು ನನಗೆ ಆಗಲಿಲ್ಲ.

ಎರಡು ವಾರ ಸ್ಪ್ರೇ ಹೊಡೆದೆ. ರಾತ್ರಿ ಹೊಡೆದರೆ ಎಲ್ಲ ಉದುರಿ ಬೀಳುತ್ತಿದ್ದವು, ಬೆಳಗಾದರೆ ಅಷ್ಟೇ ಹುಳು ಮತ್ತೆ ಗೋಡೆಯ ಮೇಲೆ. ಕುದಿಯುವ ನೀರು ಸುರಿದೆ. ವಿನೆಗರ್ ಮತ್ತು ಅಡುಗೆ ಸೋಡಾ ಹಾಕಿ ನೊರೆ ಉಕ್ಕುವುದನ್ನು ನೋಡಿದೆ. ಆ ನೊರೆ ನೋಡಲಿಕ್ಕಷ್ಟೇ. ಹುಳಿಯೂ ಸೋಡಾವೂ ಒಂದನ್ನೊಂದು ತಿಂದುಹಾಕಿ ಕೊನೆಗೆ ಹೆಚ್ಚುಕಡಿಮೆ ಉಪ್ಪುನೀರು ಉಳಿಯುತ್ತದೆ. ಕುದಿಯುವ ನೀರನ್ನಂತೂ ಪ್ಲಾಸ್ಟಿಕ್ ಪೈಪಿಗೆ ಸುರಿಯಲೇಬಾರದು ಎಂದು ಆಮೇಲೆ ಪ್ಲಂಬರ್ ಹೇಳಿದರು. ಪಿವಿಸಿ ಅಷ್ಟು ಬಿಸಿಗೆ ಮೆತ್ತಗಾಗುತ್ತದೆ, ಕೂಡಿಸಿದ ಜಾಗಗಳು ಸಡಿಲಗೊಳ್ಳುತ್ತವೆ.

ಇನ್ನು ಆ ರಾತ್ರಿಯ ಕಥೆ. ಊಟ ಮುಗಿಸಿ ನೆಲದ ಜಾಲರಿಯೊಳಕ್ಕೆ ಟಾಯ್ಲೆಟ್ ತೊಳೆಯುವ ದ್ರಾವಣವನ್ನು ಧಾರಾಳವಾಗಿ ಸುರಿದೆ. ಅರ್ಧ ಗಂಟೆ ಬಿಟ್ಟು ಒಂದು ಚೊಂಬು ನೀರು ಹಾಕಿದೆ. ತೊಳೆದುಹೋಯಿತು ಎಂದುಕೊಂಡೆ. ಆಮೇಲೆ ಬ್ಲೀಚ್ ಸುರಿದೆ. ವಾಸನೆ ಮನೆಗೆಲ್ಲ ಹರಡಬಾರದೆಂದು ಬಾಗಿಲು ಹಾಕಿಕೊಂಡಿದ್ದೆ, ಹುಳು ಕಿಟಕಿಯಿಂದ ತಪ್ಪಿಸಿಕೊಳ್ಳಬಾರದೆಂದು ಕಿಟಕಿಯನ್ನೂ ಮುಚ್ಚಿದ್ದೆ. ಅದೂ ಸಾಲದೆಂಬಂತೆ ಹುಳು ಮೇಲೆ ಬರುತ್ತವೋ ನೋಡೋಣ ಎಂದು ಟಾರ್ಚ್ ಹಿಡಿದು, ಜಾಲರಿಗೆ ಒಂದು ಗೇಣು ದೂರದಲ್ಲಿ ಮುಖ ಇಟ್ಟು ಕುಕ್ಕರಗಾಲಿನಲ್ಲಿ ಕೂತೆ.

ಮೊದಲು ಈಜುಕೊಳದಂಥ ವಾಸನೆ. ಮರುಕ್ಷಣ ಮೂಗಿನೊಳಗೆ ಸೂಜಿ ಚುಚ್ಚಿದ ಹಾಗಾಯಿತು. ಕಣ್ಣು ತೆರೆಯಲಾಗಲಿಲ್ಲ, ಉಸಿರು ಒಳಗೆ ಎಳೆದುಕೊಂಡರೆ ಎದೆ ಅಲ್ಲೇ ಕಟ್ಟಿತು. ಏಳಲು ಹೋಗಿ ಬಕೆಟ್ಟಿಗೆ ಎಡವಿ ಬಿದ್ದೆ. ಆ ಸದ್ದು ಕೇಳಿ ಹೆಂಡತಿ ಹೊರಗಿನಿಂದ, "ರೀ, ಏನಾಯ್ತು? ಬಾಗಿಲು ತೆಗೀರಿ" ಎಂದು ಕೂಗಿದಳು. ಚಿಲಕ ಹಾಕಿರಲಿಲ್ಲ, ಅದೊಂದೇ ಪುಣ್ಯ. ಅವಳೇ ಬಾಗಿಲು ತಳ್ಳಿ, ಮೂಗಿಗೆ ಸೆರಗು ಒತ್ತಿಕೊಂಡು, ನನ್ನ ತೋಳು ಹಿಡಿದು ಹೊರಗೆಳೆದಳು. ಅವಳ ಕಣ್ಣೂ ಎರಡು ದಿನ ಕೆಂಪಗಿತ್ತು.

ಆದದ್ದು ಇಷ್ಟು. ಟಾಯ್ಲೆಟ್ ತೊಳೆಯುವ ಎಷ್ಟೋ ದ್ರಾವಣಗಳಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತದೆ. ಬ್ಲೀಚ್ ಎಂದರೆ ಸೋಡಿಯಂ ಹೈಪೋಕ್ಲೋರೈಟ್. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅದು ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ನಾನು ಮುಖ ಇಟ್ಟಿದ್ದೂ ಅಲ್ಲೇ. ವಿನೆಗರ್ ಜೊತೆ ಬ್ಲೀಚ್ ಸೇರಿದರೂ ಇದೇ ಅನಿಲ. ಅಮೋನಿಯಾ ಇರುವ ಕ್ಲೀನರ್ ಜೊತೆ ಸೇರಿದರೆ ಕ್ಲೋರಮೈನ್ ಎಂಬ ಇನ್ನೊಂದು ವಿಷಗಾಳಿ.

ನಡುವೆ ನೀರು ಹಾಕಿದ್ದೆನಲ್ಲ, ಮತ್ತೇಕೆ ಹೀಗಾಯಿತು ಎಂಬುದು ನನಗೆ ಬಹಳ ದಿನ ಕಾಡಿತು. ಜಾಲರಿಯ ಕೆಳಗೆ ಟ್ರ್ಯಾಪ್ ಇರುತ್ತದೆ. ಒಳಗಿನ ದುರ್ವಾಸನೆ ಮೇಲೆ ಬರದಂತೆ ಸದಾ ನೀರು ನಿಂತಿರುವ ಬಾಗು ಅದು. ನಾವು ಸುರಿದದ್ದು ಹರಿದುಹೋಯಿತು ಎಂದು ನಾವು ಅಂದುಕೊಳ್ಳುತ್ತೇವೆ, ಅದರ ಒಂದು ಪಾಲು ಆ ಬಾಗಿನಲ್ಲೇ ನಿಂತಿರುತ್ತದೆ. ಇನ್ನೂ ಭಯಪಡಬೇಕಾದ ಮಾತೆಂದರೆ, ಕೆಲವು ಮನೆಗಳಲ್ಲಿ ವಾಶ್ ಬೇಸಿನ್ ನೀರೂ ನೆಲದ ನೀರೂ ಒಂದೇ ಟ್ರ್ಯಾಪಿಗೆ ಬಂದು ಬೀಳುತ್ತವೆ. ಬೇಸಿನ್ನಿಗೆ ಒಬ್ಬರು ಒಂದು ಹಾಕಿ, ನೆಲಕ್ಕೆ ಇನ್ನೊಬ್ಬರು ಇನ್ನೊಂದು ಹಾಕಿದರೂ ಅವು ಕೆಳಗೆ ಸೇರಬಹುದು.

ಹೊರಗೆ ಗಾಳಿಗೆ ಬಂದು, ಕಾಲು ಗಂಟೆ ಕಣ್ಣಿಗೆ ನೀರು ಬಿಟ್ಟು ತೊಳೆದ ಮೇಲೆ ಸ್ವಲ್ಪ ಸರಿಹೋಯಿತು. ಇನ್ನೇನೂ ಆಗಲಿಕ್ಕಿಲ್ಲ ಎಂದು ಮಲಗಲು ಹೋದೆ. ಮೂರು ತಾಸು ಕಳೆದ ಮೇಲೆ ಕೆಮ್ಮು ಹತ್ತಿತು, ನಿಲ್ಲಲಿಲ್ಲ, ಉಸಿರಾಡಿದರೆ ಎದೆಯಲ್ಲಿ ಸಿಳ್ಳೆ. ಹೆಂಡತಿ ಹಟ ಹಿಡಿದು ಆಸ್ಪತ್ರೆಗೆ ಕರೆದೊಯ್ದಳು. ಹೋಗುವಾಗ ಎರಡೂ ಬಾಟಲಿಗಳ ಲೇಬಲ್ ಫೋಟೊ ತೆಗೆದುಕೊಂಡಿದ್ದಳು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆಯೇ "ಏನೇನು ಸುರಿದ್ರಿ?" ಎಂಬುದು. ಇಂಥ ಅನಿಲ ಕುಡಿದ ಕೆಲವರಿಗೆ ಮೊದಲು ಆರಾಮಾದಂತೆ ಕಂಡು, ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು, ಅದಕ್ಕೇ ರಾತ್ರಿ ಇಲ್ಲೇ ಇರಿ ಎಂದರು. ದಯವಿಟ್ಟು ಈ ಮಾತನ್ನು ನೆನಪಿಡಿ. ಹೀಗಾದರೆ ಮೊದಲು ಹೊರಗೆ ಬನ್ನಿ. ಸುರಿದದ್ದನ್ನು ತೊಳೆಯಲೆಂದು ಮತ್ತೆ ಒಳಗೆ ಹೋಗಬೇಡಿ. ಉಸಿರಾಟದಲ್ಲಿ ಏರುಪೇರು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಮನೆಯಲ್ಲಿ ಆಸ್ತಮಾ ಇರುವವರು, ಮಕ್ಕಳು, ವಯಸ್ಸಾದವರು ಇದ್ದರಂತೂ ಇನ್ನೂ ಹುಷಾರು.

ಮರುದಿನ ಸಂಜೆ ಮನೆಗೆ ಬಂದೆ. ಬಚ್ಚಲ ಗೋಡೆಯ ಮೇಲೆ ಆರು ನೊಣ ಕೂತಿದ್ದವು.

ಆಗಲೇ ನಾನು ಈ ಹುಳುವಿನ ಬಗ್ಗೆ ಸರಿಯಾಗಿ ತಿಳಿದುಕೊಳ್ಳಲು ಕೂತದ್ದು. ಗೋಡೆಯ ಮೇಲಿನ ನೊಣ ಮೊದಲಲ್ಲ, ಕೊನೆ. ಪೈಪಿನ ಒಳಗೋಡೆಗೆ ಸೋಪು, ಕೂದಲು, ಜಿಡ್ಡು ಸೇರಿ ಕಟ್ಟಿಕೊಳ್ಳುವ ಲೋಳೆ ಇದೆಯಲ್ಲ, ಅದರಲ್ಲಿ ತಾಯಿ ನೊಣ ಒಂದು ಸಲಕ್ಕೆ 30ರಿಂದ 100 ಮೊಟ್ಟೆ ಇಡುತ್ತದೆ. ಎರಡು ದಿನದೊಳಗೆ ಮರಿ. ಆ ಮರಿಹುಳು 9ರಿಂದ 15 ದಿನ ಲೋಳೆಯನ್ನೇ ತಿಂದುಕೊಂಡು, ಮೈಯನ್ನು ಅದರೊಳಗೆ ಹುದುಗಿಸಿ, ಬಾಲದ ತುದಿಯ ಕೊಳವೆಯನ್ನಷ್ಟೇ ಹೊರಗಿಟ್ಟು ಉಸಿರಾಡುತ್ತದೆ. ನಾವು ಸುರಿಯುವ ಬ್ಲೀಚ್ ಲೋಳೆಯ ಮೇಲ್ಮೈ ಸವರಿಕೊಂಡು ಕೆಳಗಿಳಿಯುತ್ತದೆ. ಒಳಗಿರುವ ಮರಿ ಹಾಗೇ ಉಳಿಯುತ್ತದೆ. ಲೋಳೆ ಇರುವವರೆಗೂ ನೊಣ ಇರುತ್ತದೆ. ನಾನು ಮೊದಲ ದಿನವೇ ಒಂದು ಬ್ರಷ್ ಹಿಡಿದಿದ್ದರೆ ಮುಗಿಯುತ್ತಿದ್ದ ಕೆಲಸ ಇದು.

ಅದಕ್ಕೂ ಮುಂಚೆ ಲೋಳೆ ಯಾವ ಮೋರಿಯಲ್ಲಿದೆ ಎಂದು ಗೊತ್ತಾಗಬೇಕು. ಇದಕ್ಕೆ ಪಾರದರ್ಶಕ ಅಂಟುಪಟ್ಟಿ ಸಾಕು. ಸಂಜೆ ಜಾಲರಿಯ ಅಂಚನ್ನು ಒಣಬಟ್ಟೆಯಿಂದ ಒರೆಸಿ, ಅಂಟಿರುವ ಮೈ ಕೆಳಮುಖವಾಗಿರುವಂತೆ ಟೇಪನ್ನು ಅಡ್ಡಲಾಗಿ ಅಂಟಿಸಬೇಕು. ಪೂರ್ತಿ ಮುಚ್ಚಬಾರದು, ಗಾಳಿಯಾಡಲು ಸಂದು ಇರಲಿ. ಕೆಳಗಿನಿಂದ ಏಳುವ ನೊಣ ಅದಕ್ಕೆ ಅಂಟಿಕೊಳ್ಳುತ್ತದೆ. ದಿನವೂ ಹುಳು ಹೊರಡುವುದಿಲ್ಲವಾದ್ದರಿಂದ ಮೂರು ನಾಲ್ಕು ರಾತ್ರಿ ಮಾಡಿ. ನಾನು ಅಡುಗೆಮನೆ ಸಿಂಕ್, ಬೇಸಿನ್, ನೆಲದ ಜಾಲರಿಗಳು ಎಲ್ಲಕ್ಕೂ ಅಂಟಿಸಿದೆ. ನಾಲ್ಕನೇ ಬೆಳಿಗ್ಗೆ ನೋಡಿದರೆ, ನಾನು ಅಷ್ಟೆಲ್ಲ ಸುರಿದಿದ್ದ ಜಾಲರಿಯ ಟೇಪಿನಲ್ಲಿ ಒಂದೂ ಇಲ್ಲ. ವಾಷಿಂಗ್ ಮಷೀನ್ ಹಿಂದಿನ ಜಾಲರಿಯದರಲ್ಲಿ ಹನ್ನೊಂದು. ಪ್ರಾಣಕ್ಕೆ ಕುತ್ತು ತಂದುಕೊಂಡದ್ದು ತಪ್ಪು ಮೋರಿಗಾಗಿ ಎಂದು ತಿಳಿದಾಗ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಮಷೀನ್ ಸರಿಸಿ, ಕೈಗವಸು ಹಾಕಿಕೊಂಡು ಜಾಲರಿ ಎತ್ತಿದೆ. ಬಟ್ಟೆಯ ನಾರು, ಸೋಪಿನ ಜಿಡ್ಡು ಸೇರಿ ಬೆರಳು ದಪ್ಪದ ಕಪ್ಪು ಲೋಳೆ, ಅದರಲ್ಲಿ ಮಿಸುಕಾಡುವ ಮರಿಗಳು. ಕೈಯಿಂದ ತೆಗೆದು ಚೀಲಕ್ಕೆ ತುಂಬಿದೆ. ಬಾಟಲಿ ತೊಳೆಯುವ ಉದ್ದ ಬ್ರಷ್ಷಿನಿಂದ ಪೈಪಿನ ಒಳಗೋಡೆಯನ್ನು ಕೈ ಹೋಗುವಷ್ಟು ಆಳಕ್ಕೆ ತಿಕ್ಕಿದೆ. ಜಾಲರಿಯ ತಳಭಾಗ ಮರೆಯಬೇಡಿ, ಅಲ್ಲೂ ಮೊಟ್ಟೆ ಇರುತ್ತದೆ. ಬೇಸಿನ್ನಿನ ಮೇಲಂಚಿನಲ್ಲಿ ಹೆಚ್ಚಿನ ನೀರು ಹೋಗಲೆಂದು ಇರುವ ಸಣ್ಣ ತೂತನ್ನೂ ತಿಕ್ಕಿ. ಆಮೇಲೆ ಕೈ ತಡೆಯುವಷ್ಟು ಬಿಸಿಯ ನೀರು, ಸ್ವಲ್ಪ ಪಾತ್ರೆ ತೊಳೆಯುವ ಸೋಪು, ಅಷ್ಟೇ. ಎರಡು ಮೂರು ದಿನಕ್ಕೊಮ್ಮೆ ಹೀಗೆ ತಿಕ್ಕುತ್ತ ಬಂದೆ. ಲೋಳೆಯನ್ನು ಕರಗಿಸುವ ಎನ್ಜೈಮ್ ಜೆಲ್ ಸಿಗುತ್ತದೆ, ಬೇಕಿದ್ದರೆ ಬ್ರಷ್ ತಲುಪದ ಆಳಕ್ಕೆ ಹಾಕಬಹುದು. ಹಾಕುವುದಾದರೆ ಆ ಮೋರಿಗೆ ಬ್ಲೀಚ್ ಬೀಳಬಾರದು, ಜೆಲ್ಲಿನ ಕೆಲಸವೇ ಕೆಡುತ್ತದೆ.

ಮರುದಿನವೇ ನೊಣ ಮಾಯವಾಗುವುದಿಲ್ಲ. ಆಗಲೇ ರೆಕ್ಕೆ ಬಂದವು ಎರಡು ವಾರದವರೆಗೆ ಬದುಕುತ್ತವೆ, ತಿಕ್ಕುವಾಗ ತಪ್ಪಿಸಿಕೊಂಡ ಮರಿಗಳು ಇನ್ನೂ ಹೊರಬರುತ್ತಿರುತ್ತವೆ. ಈ ದಿನಗಳಲ್ಲೇ ಜನ ತಾಳ್ಮೆ ಕಳೆದುಕೊಂಡು ಬಾಟಲಿಗೆ ಕೈಹಾಕುವುದು. ನಮ್ಮಲ್ಲಿ ಐದನೇ ದಿನಕ್ಕೆ ಸಂಖ್ಯೆ ಇಳಿಯಿತು, ಇಪ್ಪತ್ತನೇ ದಿನದ ಹೊತ್ತಿಗೆ ಒಂದೂ ಇರಲಿಲ್ಲ. ಬಳಸದ ಕೋಣೆಯ ಬಚ್ಚಲಿದ್ದರೆ ವಾರಕ್ಕೊಮ್ಮೆ ಅದಕ್ಕೂ ಒಂದು ಚೊಂಬು ನೀರು ಹಾಕಿ. ಟ್ರ್ಯಾಪಿನ ನೀರು ಆರಿಹೋದರೆ ಕೆಳಗಿನ ಕೊಳವೆಯಿಂದ ಹುಳು ನೇರ ಮೇಲೆ ಬರುತ್ತವೆ.

ಎಲ್ಲ ಮೋರಿ ತಿಕ್ಕಿ ಮೂರು ವಾರವಾದರೂ ಕಡಿಮೆಯಾಗದಿದ್ದರೆ ನೆಲದಡಿಯ ಪೈಪ್ ಒಡೆದು ಮಣ್ಣು ನೆನೆಯುತ್ತಿರಬಹುದು. ಆಗ ಪ್ಲಂಬರನ್ನು ಕರೆಯದೆ ವಿಧಿಯಿಲ್ಲ. ಕರೆದಾಗ, ಅದಕ್ಕೂ ಮುಂಚೆ ನೀವು ಆ ಮೋರಿಗೆ ಏನೇನು ಸುರಿದಿದ್ದೀರಿ ಎಂಬುದನ್ನು ಒಂದೂ ಬಿಡದೆ ಅವರಿಗೆ ಹೇಳಿ. ಟ್ರ್ಯಾಪ್ ಬಿಚ್ಚಿ ಆ ನೀರಿಗೆ ಕೈ ಹಾಕುವವರು ಅವರು.