ಅಡುಗೆಮನೆ ಮೇಜಿನ ಮೇಲೆ ಮತದಾನ: ಕ್ಯಾಲಿಫೋರ್ನಿಯಾ ಪ್ರೈಮರಿಯ ಅಂಚೆ ಬ್ಯಾಲೆಟ್ ಹೇಗಿದೆ?

ಪೌರತ್ವ ಸಿಕ್ಕ ಮೇಲೆ ನಾವು ಮೊದಲ ಸಲ ಮತ ಹಾಕಿದ್ದು 2024ರ ಮಾರ್ಚ್ 5ರ ಪ್ರೈಮರಿಗೆ, ಅಂದರೆ ನವೆಂಬರ್‌ನ ಮುಖ್ಯ ಚುನಾವಣೆಗೆ ಯಾರು ನಿಲ್ಲಬೇಕು ಅಂತ ಆರಿಸುವ ಮೊದಲ ಸುತ್ತಿಗೆ. ಊರಲ್ಲಿ ಬೂತ್ ಮುಂದೆ ಕ್ಯೂ ನಿಂತು, ಬೆರಳಿಗೆ ಶಾಯಿ ಹಾಕಿಸಿಕೊಂಡು ಬಂದವಳು ನಾನು. ಇಲ್ಲಿ ನೋಡಿದರೆ ಬ್ಯಾಲೆಟ್ಟೇ ಮನೆ ಬಾಗಿಲಿಗೆ ಬಂತು! ಕ್ಯಾಲಿಫೋರ್ನಿಯಾದಲ್ಲಿ ನೋಂದಾಯಿತ ಮತದಾರರಿಗೆ, ಕೇಳಲಿ ಬಿಡಲಿ, ಸುಮಾರು ಒಂದು ತಿಂಗಳು ಮೊದಲೇ ಅಂಚೆಯಲ್ಲಿ ಕಳಿಸುತ್ತಾರೆ. ವಾಪಸ್ ಕಳಿಸುವ ಲಕೋಟೆಗೆ ಸ್ಟಾಂಪ್ ಕೂಡ ಹಚ್ಚಬೇಕಿಲ್ಲ. ಈ ವ್ಯವಸ್ಥೆಗೆ ನನ್ನ ಕಡೆಯಿಂದ 5ಕ್ಕೆ 4 ಸ್ಟಾರ್.

ನನಗೆ ತುಂಬಾ ಇಷ್ಟವಾಗಿದ್ದು ಸಮಯ ಸಿಗುವುದು. ಬ್ಯಾಲೆಟ್ ಉದ್ದ ಇರುತ್ತದೆ, ಮೇಲೆ ದೊಡ್ಡ ಹೆಸರುಗಳು, ಕೆಳಗೆ ಹೋಗ್ತಾ ಹೋಗ್ತಾ ಕೌಂಟಿ ಸೂಪರ್‌ವೈಸರ್ (ಜಿಲ್ಲಾಡಳಿತ ಮಂಡಳಿಯ ಸದಸ್ಯರು), ನ್ಯಾಯಾಧೀಶರು, ಸ್ಥಳೀಯ ತೆರಿಗೆಯ ಪ್ರಸ್ತಾವಗಳು, ಹೀಗೆ ನಾವು ಯಾವತ್ತೂ ಹೆಸರೇ ಕೇಳದವರೆಲ್ಲ ಬರುತ್ತಾರೆ. ಬೂತ್‌ನಲ್ಲಾಗಿದ್ದರೆ ಅಷ್ಟನ್ನೂ ಖಾಲಿ ಬಿಟ್ಟು ಬರುತ್ತಿದ್ದೆನೇನೋ. ಮನೆಯಲ್ಲಿ ಎರಡು ಸಂಜೆ ಕೂತು, ಜೊತೆಗೆ ಬಂದ ಮಾಹಿತಿ ಪುಸ್ತಕ ಓದಿ, ಒಬ್ಬೊಬ್ಬರ ಬಗ್ಗೆ ಹುಡುಕಿ ನೋಡಿ ಗುರುತು ಹಾಕಿದೆವು. ದಯವಿಟ್ಟು ಕೆಳಗಿನ ಹೆಸರುಗಳನ್ನು ಸುಮ್ನೆ ಬಿಡಬೇಡಿ. ನ್ಯಾಯಾಧೀಶರಂಥ ಹುದ್ದೆಗಳಿಗೆ ಪ್ರೈಮರಿಯಲ್ಲೇ ಅರ್ಧಕ್ಕಿಂತ ಜಾಸ್ತಿ ಮತ ಬಂದರೆ ಅವರು ಗೆದ್ದ ಹಾಗೆಯೇ. ನವೆಂಬರ್‌ಗೆ ನೋಡೋಣ ಅಂತ ಕೂತರೆ ಆ ಸ್ಪರ್ಧೆಯೇ ಇರುವುದಿಲ್ಲ.

ಒಂದು ಮತದಿಂದ ಏನಾಗುತ್ತೆ ಅನ್ನುವವರಿಗೆ ನಾನು ಅದೇ ಪ್ರೈಮರಿಯ ಕಥೆ ಹೇಳುತ್ತೇನೆ. ಇಲ್ಲಿ ಸಂಸತ್ತಿನ ಸೀಟಿಗೆ ಎಲ್ಲ ಪಕ್ಷದವರೂ ಒಂದೇ ಪಟ್ಟಿಯಲ್ಲಿರುತ್ತಾರೆ, ಮೊದಲ ಇಬ್ಬರು ಮಾತ್ರ ನವೆಂಬರ್‌ಗೆ ಹೋಗುತ್ತಾರೆ, ಇಬ್ಬರೂ ಒಂದೇ ಪಕ್ಷದವರಾದರೂ ಸರಿ. ಸಿಲಿಕಾನ್ ವ್ಯಾಲಿಯ 16ನೇ ಸಂಸತ್ ಕ್ಷೇತ್ರದಲ್ಲಿ ಸ್ಯಾಮ್ ಲಿಕಾರ್ಡೊ ಮೊದಲು ಬಂದರು. ಎರಡನೇ ಸ್ಥಾನದಲ್ಲಿ ಇವಾನ್ ಲೋ ಮತ್ತು ಜೋ ಸಿಮಿಟಿಯನ್, ಇಬ್ಬರಿಗೂ ತಲಾ 30,249 ಮತ! ಮರು ಎಣಿಕೆ ಮಾಡಿಸಿದ ಮೇಲೆ ಲೋ ಮುಂದೆ ಬಂದಿದ್ದು ಬರೀ 5 ಮತಗಳಿಂದ. ನಮ್ಮ ಬೀದಿಯ ಒಂದು ಮನೆಯಲ್ಲೇ ಅಷ್ಟು ಮತ ಇರುತ್ತದೆ, ಅಲ್ವಾ?

ಇನ್ನು ಒಂದು ಸ್ಟಾರ್ ಕಡಿಮೆ ಮಾಡಿದ್ದು ಪಕ್ಷದ ನಿಯಮಕ್ಕೆ. ರಾಷ್ಟ್ರಾಧ್ಯಕ್ಷರ ಪ್ರೈಮರಿ ಮಾತ್ರ ಪಕ್ಷದ ಲೆಕ್ಕದಲ್ಲಿ ನಡೆಯುತ್ತದೆ. ನೋಂದಣಿ ಮಾಡುವಾಗ ಯಾವ ಪಕ್ಷವೂ ಬೇಡ ಅಂದಿದ್ದರೆ ನಿಮಗೆ ಬರುವ ಬ್ಯಾಲೆಟ್‌ನಲ್ಲಿ ಆ ಸ್ಪರ್ಧೆಯೇ ಇರುವುದಿಲ್ಲ. ಬೇಕಾದರೆ ಬೇರೆ ಬ್ಯಾಲೆಟ್ ಕೇಳಿ ಪಡೆಯಬೇಕು, ಅದೂ ಆ ಪಕ್ಷ ಒಪ್ಪಿದ್ದರೆ. 2024ರಲ್ಲಿ ಡೆಮಾಕ್ರಟಿಕ್ ಪಕ್ಷ ಒಪ್ಪಿತ್ತು, ರಿಪಬ್ಲಿಕನ್ ಪಕ್ಷ ಒಪ್ಪಿರಲಿಲ್ಲ. ಇನ್ನೊಂದು ಮಾತು, ಯಾವ ಪಕ್ಷವೂ ಬೇಡ ಅನ್ನುವವರು ಫಾರಂನಲ್ಲಿ 'ಅಮೆರಿಕನ್ ಇಂಡಿಪೆಂಡೆಂಟ್' ಅಂತ ಟಿಕ್ ಮಾಡಬೇಡಿ, ಅದೂ ಒಂದು ಪಕ್ಷದ ಹೆಸರೇ. ಎಷ್ಟೋ ಜನ ಹೀಗೆ ತಪ್ಪಿದ್ದಾರೆ.

ಗ್ರೀನ್ ಕಾರ್ಡ್ ಅಥವಾ ವೀಸಾದಲ್ಲಿ ಇರುವವರು ಜಾಗ್ರತೆ. ಮತ ಪೌರರಿಗೆ ಮಾತ್ರ. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ನೋಂದಣಿಯ ಪ್ರಶ್ನೆ ಬರುತ್ತದೆ, ಅವಸರದಲ್ಲಿ ಹೌದು ಅನ್ನಬೇಡಿ. ಮುಂದೆ ಪೌರತ್ವದ ಅರ್ಜಿಗೇ ಕಂಟಕವಾಗಬಹುದು.

ಕಳಿಸುವ ವಿಷಯಕ್ಕೆ ಬಂದರೆ, ಅಂಚೆಗೆ ಹಾಕುವವರು ಕೊನೆ ದಿನದ ತನಕ ಕಾಯಬೇಡಿ. ಚುನಾವಣೆ ದಿನದ ಒಳಗಿನ ಮುದ್ರೆ ಬೀಳಬೇಕು, ಸಂಜೆ ಅಂಚೆ ಪೆಟ್ಟಿಗೆಯ ಪತ್ರಗಳನ್ನು ತೆಗೆದುಕೊಂಡು ಹೋದ ಮೇಲೆ ಹಾಕಿದರೆ ಮುದ್ರೆ ಮರುದಿನದ್ದು. ತಡವಾಯಿತೆಂದರೆ ಡ್ರಾಪ್ ಬಾಕ್ಸೇ (ಬ್ಯಾಲೆಟ್ ಹಾಕಲೆಂದೇ ಇಟ್ಟ ಪೆಟ್ಟಿಗೆ) ವಾಸಿ, ಅದು ಆ ದಿನ ರಾತ್ರಿ 8ರ ತನಕ ತೆರೆದಿರುತ್ತದೆ. 'ವೇರ್ಸ್ ಮೈ ಬ್ಯಾಲೆಟ್' ಸೇವೆಗೆ ಹೆಸರು ಕೊಟ್ಟರೆ ಬ್ಯಾಲೆಟ್ ತಲುಪಿದ್ದು, ಎಣಿಕೆಗೆ ಸೇರಿದ್ದು ಎಲ್ಲ ಫೋನಿಗೇ ಮೆಸೇಜ್ ಬರುತ್ತದೆ.

ನನಗೆ ಹಾಗೆ ಬಂತು, ನಮ್ಮ ಮನೆಯವರಿಗೆ ಬರಲಿಲ್ಲ. ಅದರ ಬದಲು ಒಂದು ಪತ್ರ ಬಂತು, ಲಕೋಟೆಯ ಮೇಲಿನ ಸಹಿ ದಾಖಲೆಯಲ್ಲಿರುವುದಕ್ಕೆ ಹೋಲುತ್ತಿಲ್ಲ ಅಂತ. ಇವರು ಕಾಲೇಜಿನ ದಿನದಿಂದ ಸಹಿ ಹಾಕುವುದು ಕನ್ನಡದಲ್ಲಿ, ಆದರೆ ಲೈಸೆನ್ಸ್ ಮಾಡಿಸುವಾಗ ಇಂಗ್ಲಿಷ್‌ನಲ್ಲಿ ಗೀಚಿ ಬಂದಿದ್ದರು. ಮತ ಹೋಯಿತು ಅಂತ ನಾನು ಬೇಜಾರಾದೆ. ಹಾಗೇನೂ ಆಗಲಿಲ್ಲ. ಪತ್ರದ ಜೊತೆಗಿದ್ದ ಫಾರಂಗೆ ಸಹಿ ಹಾಕಿ ಗಡುವಿನೊಳಗೆ ಕಳಿಸಿದೆವು, ಮತ ಎಣಿಕೆಗೆ ಸೇರಿತು. ಆಮೇಲೆ ಕಾಗದದ ಫಾರಂನಲ್ಲಿ ಹೊಸದಾಗಿ ನೋಂದಣಿ ಮಾಡಿಸಿ, ಕನ್ನಡ ಸಹಿಯನ್ನೇ ದಾಖಲೆಗೆ ಹಾಕಿಸಿದರು. ನವೆಂಬರ್‌ನಲ್ಲಿ ಯಾವ ಪತ್ರವೂ ಬರಲಿಲ್ಲ, ನೇರವಾಗಿ ಮೆಸೇಜೇ ಬಂತು.