ಬದಿಯಡ್ಕದ ರಿಪೇರಿ ಅಂಗಡಿಯಲ್ಲಿ 1977ರ ಪಿನ್‌ಬಾಲ್ ಯಂತ್ರ

ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಮುಳ್ಳೇರಿಯಕ್ಕೆ ಹೋಗುವ ರಸ್ತೆಯಲ್ಲಿ, ಬದಿಯಡ್ಕ ಪೇಟೆ ಇನ್ನೇನು ಬಂತು ಎನ್ನುವಾಗ ಸಿಗುವ ಒಂದು ರಿಪೇರಿ ಅಂಗಡಿಯ ಬಗ್ಗೆ ಬರೆಯುತ್ತಿದ್ದೇನೆ. ಅಂಗಡಿಗೆ ಹೆಸರಿನ ಫಲಕವಿಲ್ಲ, ಹಾಕಿಸುವ ಯೋಚನೆಯೂ ಅದರ ಯಜಮಾನರಿಗೆ ಇದ್ದಂತಿಲ್ಲ. ಇನ್ವರ್ಟರ್, ಯಕ್ಷಗಾನ ಮತ್ತು ಜಾತ್ರೆಗಳಿಗೆ ಹೋಗುವ ಮೈಕ್ ಸೆಟ್ಟಿನ ಆಂಪ್ಲಿಫೈಯರ್, ಅಡಿಕೆ ತೋಟದ ಪಂಪಿನ ಸ್ಟಾರ್ಟರ್, ಇವೇ ಅಲ್ಲಿನ ನಿತ್ಯದ ಕೆಲಸ. ಅಂಥ ಅಂಗಡಿಗೆ ನಾನು ಕಳೆದ ನವೆಂಬರಿನಲ್ಲಿ ಅಮೆರಿಕದ ಬ್ಯಾಲಿ ಕಂಪೆನಿಯ ‘ಎಯ್ಟ್ ಬಾಲ್’ ಎಂಬ, ಓರೆಯಾದ ಮೇಜಿನ ಮೇಲೆ ಉಕ್ಕಿನ ಗುಂಡನ್ನು ಪುಟಿಸಿ ಅಂಕ ಗಳಿಸುವ ಪಿನ್‌ಬಾಲ್ ಯಂತ್ರದ ಬೋರ್ಡುಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೋದೆ.

ಯಂತ್ರ ನನ್ನದಲ್ಲ, ದುಬೈಯಲ್ಲಿದ್ದ ನನ್ನ ಭಾವನದು. ಅಲ್ಲಿ ಮುಚ್ಚಿದ ಒಂದು ಕ್ಲಬ್ಬಿನಿಂದ ಕೊಂಡು, ಊರಿಗೆ ಮರಳುವಾಗ ಮನೆಸಾಮಾನಿನ ಜೊತೆ ಹಡಗಿನಲ್ಲಿ ಕಳುಹಿಸಿ, ಕೊನೆಗೆ ಇಡಲು ಜಾಗವಿಲ್ಲವೆಂದು ನೀರ್ಚಾಲಿನ ನಮ್ಮ ಮನೆಯ ಚಾವಡಿಗೆ ತಂದು ನಿಲ್ಲಿಸಿದರು. ಸ್ವಿಚ್ ಹಾಕಿದರೆ ಹಿಂಬದಿಯ ಚಿತ್ರದ ಗಾಜಿನ ದೀಪಗಳು ಉರಿಯುತ್ತಿದ್ದವು, ಅದಕ್ಕಿಂತ ಮುಂದೆ ಏನೂ ಆಗುತ್ತಿರಲಿಲ್ಲ. ಮೊದಲು ನಗರದ ಒಂದು ಸರ್ವಿಸ್ ಸೆಂಟರಿಗೆ ಫೋಟೊ ಕಳುಹಿಸಿ ವಿಚಾರಿಸಿದಾಗ, ಯಾವ ಪರೀಕ್ಷೆಯೂ ಇಲ್ಲದೆ, ಬೋರ್ಡುಗಳನ್ನೆಲ್ಲ ಬಿಸಾಡಿ ಹೊಸತು ತರಿಸಿ ಎಂಬ ಉತ್ತರ ಬಂದಿತ್ತು. ಆ ಹಿನ್ನೆಲೆಯಲ್ಲಿ ಬದಿಯಡ್ಕದ ಮೆಕ್ಯಾನಿಕ್ ಮೊದಲು ಕೇಳಿದ ಪ್ರಶ್ನೆಯೇ ನನಗೆ ಹಿಡಿಸಿತು: “ಮಾಷ್ಟ್ರೇ, ಇದರ ಸರ್ಕ್ಯೂಟ್ ಡಯಗ್ರಾಂ ಉಂಟಾ?”

ಇತ್ತು. ಈ ಮಾದರಿಯ ಯಂತ್ರಗಳು 20,230ರಷ್ಟು ತಯಾರಾಗಿದ್ದವು, 1992ರಲ್ಲಿ ‘ಆಡಮ್ಸ್ ಫ್ಯಾಮಿಲಿ’ ಪಿನ್‌ಬಾಲ್ ಬಂದು 20,270ಕ್ಕೆ ಮುಟ್ಟುವ ತನಕ ಆ ದಾಖಲೆಯನ್ನು ಯಾರೂ ಮುರಿದಿರಲಿಲ್ಲ. ಅಷ್ಟು ಯಂತ್ರಗಳು ಇದ್ದುದರಿಂದಲೇ ಇವತ್ತಿಗೂ ಅದರ ಕೈಪಿಡಿ, ನಕ್ಷೆ, ಬಿಡಿಭಾಗ ಎಲ್ಲವೂ ಹುಡುಕಿದರೆ ಸಿಗುತ್ತವೆ. ನಾನು ಮುದ್ರಿಸಿ ಒಯ್ದ ನಕ್ಷೆಯನ್ನು ಅವರು ಎರಡು ದಿನ ಇಟ್ಟುಕೊಂಡು ಓದಿ, ಆಮೇಲೆಯೇ ಕೆಲಸಕ್ಕೆ ಕೈ ಹಾಕಿದರು. ಮೋಟೊರೋಲಾ 6800 ಪ್ರೊಸೆಸರ್ ಇರುವ ಬೋರ್ಡನ್ನು ಅವರು ಹಿಂದೆ ನೋಡಿರಲಿಲ್ಲ, ಅದನ್ನು ಬಾಯಿಬಿಟ್ಟು ಹೇಳಿದ್ದೂ ಅವರೇ.

ಕಾಯಿಲೆಯ ಮೂಲ ಬ್ಯಾಟರಿ. ಗರಿಷ್ಠ ಅಂಕವನ್ನೂ ಆಟಗಳ ಲೆಕ್ಕವನ್ನೂ ನೆನಪಿಡಲು ಮುಖ್ಯ ಬೋರ್ಡಿನ ಮೇಲೆಯೇ 3.6 ವೋಲ್ಟಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಕಂಪೆನಿ ಬೆಸೆದಿತ್ತು. ಅದು ವರ್ಷಗಟ್ಟಲೆ ಸೋರಿ, ಪ್ರೊಸೆಸರನ್ನು ಎಬ್ಬಿಸುವ ರೀಸೆಟ್ ಭಾಗದ ಟ್ರಾನ್ಸಿಸ್ಟರುಗಳ ಕಾಲುಗಳನ್ನೂ ಪಕ್ಕದ ಐಸಿ ಸಾಕೆಟ್ಟುಗಳನ್ನೂ ತಾಮ್ರದ ಗೆರೆಗಳನ್ನೂ ತಿಂದಿತ್ತು. ತಂಬಿಗೆಯನ್ನು ಹುಳಿ ಹಾಕದೆ ವರ್ಷಾನುಗಟ್ಟಲೆ ಅಟ್ಟದಲ್ಲಿಟ್ಟರೆ ಹೇಗೋ, ಹಾಗೆ ಹಸಿರು ಕಿಲುಬು. ಸೋರಿದ ದ್ರವ ಕ್ಷಾರವಾದ್ದರಿಂದ ಅದನ್ನು ತೊಳೆಯಲು ಹುಳಿಯೇ ಬೇಕು: ಅವರು ಬ್ಯಾಟರಿಯನ್ನು ಕಿತ್ತು, ವಿನೆಗರಿಗೆ ಅಷ್ಟೇ ನೀರು ಬೆರೆಸಿ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ಶುದ್ಧ ನೀರಿನಲ್ಲಿ ತೊಳೆದು, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಎರಡು ದಿನ ನೆರಳಿನಲ್ಲಿ ಒಣಗಿಸಿದರು. ಮೇಲಿನ ಬಣ್ಣ ಹೋಗಿದ್ದರೂ ಒಳಗೆ ಗಟ್ಟಿಯಿದ್ದ ಗೆರೆಗಳನ್ನು ಉಳಿಸಿಕೊಂಡರು, ಕಡಿದುಹೋದ ಐದು ಕಡೆ ಸಣ್ಣ ತಂತಿ ಎಳೆದರು. ಆ ಬೆಸುಗೆಗಳನ್ನು ನಾನು ಭೂತಗನ್ನಡಿ ಹಿಡಿದು ನೋಡಿದ್ದೇನೆ. ತಂತಿ ಬೋರ್ಡಿಗೆ ಅಂಟಿಕೊಂಡಂತೆ ಮಲಗಿದೆ, ಎಲ್ಲಿಯೂ ಸೀಸದ ಗುಡ್ಡೆಯಿಲ್ಲ.

ಬ್ಯಾಲಿಯ ಈ ಬೋರ್ಡಿನಲ್ಲಿ ಒಂದು ಪುಟ್ಟ ಕೆಂಪು ಎಲ್‌ಇಡಿ ಇದೆ. ಕರೆಂಟು ಬಂದೊಡನೆ ಪ್ರೊಸೆಸರ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತಾ ಒಂದೊಂದು ಭಾಗ ಸರಿಯಿದ್ದಂತೆ ಒಂದೊಂದು ಬಾರಿ ಅದನ್ನು ಮಿನುಗಿಸುತ್ತದೆ: ಮೊದಲು ಆಟದ ಪ್ರೋಗ್ರಾಂ ಇರುವ ರೋಮ್, ಆಮೇಲೆ ಎರಡು ರ‍್ಯಾಮ್, ಪ್ರೊಸೆಸರನ್ನು ಯಂತ್ರದ ಉಳಿದ ಭಾಗಗಳಿಗೆ ಜೋಡಿಸುವ ಎರಡು ಪಿಐಎ ಚಿಪ್ಪು, ಅಂಕ ತೋರಿಸುವ ಡಿಸ್‌ಪ್ಲೇಗೆ ತಾಳ ಹಾಕುವ ಟೈಮರ್, ಕೊನೆಯದಾಗಿ ಗುಂಡನ್ನು ತಳ್ಳುವ ಕಾಯಿಲುಗಳ 43 ವೋಲ್ಟ್ ಬಂದಿದೆಯೇ ಎಂಬುದರ ಗುರುತು. ಒಟ್ಟು ಏಳು. ನಮ್ಮ ಬೋರ್ಡಿನಲ್ಲಿ ಅದು ಮಿನುಗುತ್ತಲೇ ಇರಲಿಲ್ಲ, ಸುಮ್ಮನೆ ಉರಿದುಕೊಂಡೇ ಇರುತ್ತಿತ್ತು, ಅಂದರೆ ಪ್ರೊಸೆಸರ್ ಎಚ್ಚರಗೊಂಡೇ ಇರಲಿಲ್ಲ. ರೀಸೆಟ್ ಭಾಗವನ್ನು ಪೂರ್ತಿ ಹೊಸತಾಗಿ ಕಟ್ಟಿದ ಮೇಲೆ ಮೂರು ಮಿನುಗಿಗೆ ಬಂತು. ಒಂದು ಪಿಐಎ ಸತ್ತಿತ್ತು, 6820 ಸಂಖ್ಯೆಯ ಆ ಚಿಪ್ಪಿನ ಬದಲು 6821 ಹಾಕಬಹುದೆಂದು ಇಬ್ಬರೂ ನಕ್ಷೆ ನೋಡಿ ಖಾತ್ರಿಪಡಿಸಿಕೊಂಡು, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿದೆವು. ಅದು ಬರಲು ಐದು ವಾರ ಹಿಡಿಯಿತು. ಆ ಸಂಜೆ ಅಂಗಡಿಯ ಮೇಜಿನ ಮೇಲೆ 5 ಮತ್ತು 12 ವೋಲ್ಟ್ ಕೊಟ್ಟು, ಚಹಾ ಆರಿಹೋಗುತ್ತಿದ್ದರೂ ಲೋಟ ಮುಟ್ಟದೆ ಇಬ್ಬರೂ ಎಣಿಸುತ್ತಾ ಕುಳಿತೆವು. ಆರು ಬಂತು. “ಏಳನೇದು ಇಲ್ಲಿ ಬರುವುದಿಲ್ಲ ಮಾಷ್ಟ್ರೇ, ಇಲ್ಲಿ 43 ವೋಲ್ಟ್ ಇಲ್ಲ. ಅದು ನಿಮ್ಮ ಚಾವಡಿಯಲ್ಲೇ ಬರಬೇಕು” ಎಂದರು.

ಚಾವಡಿಯಲ್ಲಿಯೂ ಮೊದಲ ದಿನ ಬರಲಿಲ್ಲ. ಇಲ್ಲಿ ಅವರ ಕ್ರಮವನ್ನು ಮೆಚ್ಚಬೇಕು. ಯಂತ್ರವನ್ನು ನೇರವಾಗಿ ಪ್ಲಗ್ಗಿಗೆ ಸಿಕ್ಕಿಸದೆ, ಟ್ರಾನ್ಸ್‌ಫಾರ್ಮರಿನ ಜಂಪರುಗಳು 230 ವೋಲ್ಟಿಗೇ ಇವೆಯೇ ಎಂದು ನೋಡಿ, ತಾವು ತಂದ 100 ವ್ಯಾಟಿನ ಹಳೆಯ ಫಿಲಮೆಂಟ್ ಬಲ್ಬಿನ ಸೀರೀಸ್ ಲ್ಯಾಂಪಿನ ಮೂಲಕ ಕರೆಂಟು ಕೊಟ್ಟರು. ಬಲ್ಬು ಪೂರ್ತಿ ಪ್ರಕಾಶದಲ್ಲಿ ಉರಿಯಿತು. ಒಳಗೆ ಎಲ್ಲೋ ಶಾರ್ಟ್ ಇದೆಯೆಂಬುದಕ್ಕೆ ಅದಕ್ಕಿಂತ ಅಗ್ಗದ ಸಾಕ್ಷಿ ಇನ್ನೊಂದಿಲ್ಲ. ಎಸಿಯನ್ನು ಡಿಸಿ ಮಾಡುವ 43 ವೋಲ್ಟಿನ ಬ್ರಿಡ್ಜ್ ರೆಕ್ಟಿಫೈಯರ್ ಸುಟ್ಟು ಶಾರ್ಟ್ ಆಗಿತ್ತು, ಅದರ ಜಾಗಕ್ಕೆ 35 ಆಂಪಿಯರಿನದು ಬಂತು. ದೀಪಗಳ ಫ್ಯೂಸಿಗೆ ಕ್ಲಬ್ಬಿನಲ್ಲಿ ಯಾರೋ ಸಿಗರೇಟು ಪೊಟ್ಟಣದ ಬೆಳ್ಳಿ ಕಾಗದ ಸುತ್ತಿ ಇಟ್ಟಿದ್ದರು. ಅದನ್ನು ಕಿತ್ತು ನನ್ನ ಕೈಯಲ್ಲಿಟ್ಟು, ಮನೆ ಸುಡದೆ ಉಳಿದದ್ದು ಪುಣ್ಯ ಎಂದು ಬೈದದ್ದು ಕ್ಲಬ್ಬಿನವರನ್ನೋ ನನ್ನನ್ನೋ ಗೊತ್ತಾಗಲಿಲ್ಲ. 5 ವೋಲ್ಟಿನ ಲೈನಿನಲ್ಲಿ ವೋಲ್ಟೇಜಿನ ಅಲೆ (ಏರಿಳಿತ) ಜಾಸ್ತಿ ಕಂಡದ್ದರಿಂದ 11,700 ಮೈಕ್ರೋಫ್ಯಾರಡಿನ ಹಳೆಯ ದೊಡ್ಡ ಕೆಪಾಸಿಟರನ್ನು ತೆಗೆದು 15,000ದ್ದು ಹಾಕಿದರು. ಆ ರಾತ್ರಿ ಎಂಟೂವರೆಗೆ ಏಳನೆಯ ಮಿನುಗು ಬಂದು, ಡಿಸ್‌ಪ್ಲೇಯ ಕಿತ್ತಳೆ ಅಂಕೆಗಳು ಎದ್ದು ನಿಂತವು.

ಉಳಿದದ್ದು ಸಣ್ಣಪುಟ್ಟದ್ದು. ನಾಣ್ಯದ ಬಾಗಿಲಿನ ಒಳಗಿರುವ ಪರೀಕ್ಷಾ ಗುಂಡಿ ಒತ್ತಿ ಕಾಯಿಲುಗಳನ್ನು ಒಂದೊಂದಾಗಿ ನೋಡುವಾಗ ಗುಂಡನ್ನು ಪುಟಿಸುವ ಒಂದು ಬಂಪರಿನ ಕಾಯಿಲು ಹಿಡಿದುಕೊಂಡೇ ನಿಂತು ಬಿಸಿಯಾಯಿತು. ಕಾಯಿಲಿನ ಮೇಲಿನ ಡಯೋಡ್ ತುಂಡಾಗಿದ್ದರಿಂದ, ಕರೆಂಟು ನಿಂತೊಡನೆ ಕಾಯಿಲು ಹಿಂದಕ್ಕೆ ಎಸೆಯುವ ವೋಲ್ಟೇಜು ಡ್ರೈವರ್ ಟ್ರಾನ್ಸಿಸ್ಟರನ್ನು ಕೊಂದಿತ್ತು. ಟಿಪ್ 102 ಟ್ರಾನ್ಸಿಸ್ಟರ್ ಒಂದು, 1ಎನ್4004 ಡಯೋಡ್ ಒಂದು, ಅರ್ಧ ಗಂಟೆಯ ಕೆಲಸ. ಬೋರ್ಡಿನ ಮೇಲೆ ಬ್ಯಾಟರಿ ಮತ್ತೆ ಬೇಡವೆಂದು, ನಾಣ್ಯದಾಕಾರದ ಲಿಥಿಯಂ ಸೆಲ್ಲನ್ನು ತಂತಿಯಲ್ಲಿ ದೂರಕ್ಕೆ ಒಯ್ದು, ಅದಕ್ಕೆ ಯಂತ್ರದಿಂದ ಚಾರ್ಜ್ ಹೋಗದ ಹಾಗೆ ಡಯೋಡ್ ಸೇರಿಸಿದರು.

ಇನ್ನು ಅಸಮಾಧಾನದ ಮಾತು. ಡಿಸೆಂಬರ್ ಕೊನೆಗೆ ಕೊಡುತ್ತೇನೆಂದ ಕೆಲಸ ಮುಗಿದದ್ದು ಮಾರ್ಚಿನಲ್ಲಿ. ಜಾತ್ರೆ, ನೇಮ, ಯಕ್ಷಗಾನದ ಕಾಲದಲ್ಲಿ ಅವರು ಮೈಕ್ ಸೆಟ್ಟಿನ ಹಿಂದೆ ಊರೂರು ತಿರುಗುತ್ತಾರೆ, ಆಗ ಫೋನೂ ಎತ್ತುವುದಿಲ್ಲ. ಬಿಡಿಭಾಗ ಬಂದು ಮೂರು ವಾರ ಅದರ ಪೊಟ್ಟಣವನ್ನೇ ಬಿಡಿಸಿರಲಿಲ್ಲ. ಅದಕ್ಕಿಂತ ದೊಡ್ಡ ತಪ್ಪೆಂದರೆ, ದೀಪಗಳ ಕರೆಂಟು ಹಾಯುವ ಕನೆಕ್ಟರಿನ ಪ್ಲಾಸ್ಟಿಕ್ ಬಿಸಿಗೆ ಕಂದು ಬಣ್ಣಕ್ಕೆ ತಿರುಗಿದ್ದರೂ, ಬೋರ್ಡಿನ ಕಡೆಯ ಪಿನ್ನುಗಳಿಗೆ ಮಾತ್ರ ಹೊಸ ಬೆಸುಗೆ ಹಾಕಿ, ತಂತಿಯ ಕಡೆಯ ಹಳೆಯ ಕ್ಲಿಪ್ಪುಗಳನ್ನೇ ಉಳಿಸಿದ್ದು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಅರೆಬರೆ ಸಂಪರ್ಕ ಎಷ್ಟು ದಿನ ಬಾಳೀತು? ಜೂನ್ ಎರಡನೆಯ ವಾರದಲ್ಲಿ ದೀಪಗಳು ಮಿಣುಕಲಾರಂಭಿಸಿದವು. ಕರೆದಾಗ ಬಂದರು, ತಪ್ಪು ತನ್ನದೆಂದು ಒಪ್ಪಿದರು, 0.156 ಇಂಚಿನ ಹೊಸ ಕನೆಕ್ಟರ್ ಹಾಕಿ ಅದರ ಬೆಲೆ ಮಾತ್ರ ತೆಗೆದುಕೊಂಡರು. ಮೊದಲೇ ಹಾಕಿದ್ದರೆ ಇಬ್ಬರಿಗೂ ಒಂದು ದಿನ ಉಳಿಯುತ್ತಿತ್ತು.

ಮೂರನೆಯ ಆಟಗಾರನ ಡಿಸ್‌ಪ್ಲೇ ಈಗಲೂ ಮಂಕಾಗಿದೆ. ಅದು ಅನಿಲ ತುಂಬಿದ ಗಾಜಿನದು, 190 ವೋಲ್ಟಿನಲ್ಲಿ ಬೆಳಗುವಂಥದ್ದು. ಗಾಜೇ ಸವೆದಿದ್ದರೆ ಯಾವ ಬೆಸುಗೆಯೂ ಅದಕ್ಕೆ ಮದ್ದಲ್ಲ ಎಂದು ಅವರು ಮುಟ್ಟಲಿಲ್ಲ. ಉಳಿದ ನಾಲ್ಕು ಹೆಚ್ಚು ದಿನ ಬಾಳಲೆಂದು ಆ ವೋಲ್ಟೇಜನ್ನು 170ರ ಆಸುಪಾಸಿಗೆ ಇಳಿಸಿ ಕೊಟ್ಟರು. ಮಾಡಲಾಗದ್ದಕ್ಕೆ ಹಣ ಕೇಳದ ಈ ಬುದ್ಧಿಯನ್ನು ನಾನು ತಡವಾದದ್ದಕ್ಕೆ ಎದುರಾಗಿ ತೂಗುತ್ತೇನೆ.

ಬಿಡಿಭಾಗಕ್ಕೆ 3,850, ಕೂಲಿಗೆ 5,000, ನೀರ್ಚಾಲಿಗೆ ನಾಲ್ಕು ಸಲ ಬಂದುಹೋದ ಸ್ಕೂಟರಿನ ಪೆಟ್ರೋಲಿಗೆ 400 ರೂಪಾಯಿ. ಲೆಕ್ಕವನ್ನು ಕೆಪಾಸಿಟರ್ ಬಂದ ರಟ್ಟಿನ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆದು, ತೆಗೆದ ಹಳೆಯ ಭಾಗಗಳನ್ನೆಲ್ಲ ಒಂದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಹಿಂದಿರುಗಿಸಿದರು. ಹಳೆಯ ಪಿನ್‌ಬಾಲ್ ಎಂದಲ್ಲ, ಹಳೆಯ ರೇಡಿಯೊ, ಸಿಂಥಸೈಜರ್, ಅಳತೆಯ ಉಪಕರಣ ಹೀಗೆ ನಕ್ಷೆ ಸಿಗುವ ಯಾವುದೇ ಯಂತ್ರವಿದ್ದವರು ಅವರಲ್ಲಿಗೆ ಹೋಗಬಹುದು. ಹೋಗುವಾಗ ನಕ್ಷೆಯನ್ನು ದೊಡ್ಡ ಕಾಗದದಲ್ಲಿ ಮುದ್ರಿಸಿ ಒಯ್ಯಿರಿ, ದೀಪದ ಕನೆಕ್ಟರುಗಳನ್ನು ಎರಡೂ ಕಡೆ ಬದಲಿಸಿ ಎಂದು ಮೊದಲೇ ಹೇಳಿರಿ, ಮತ್ತು ಮೇ ತಿಂಗಳ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ಕಳೆದ ಮೇಲೆಯೇ ಹೋಗಿರಿ. ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಅವರು ಅಂಗಡಿಯಲ್ಲಿಯೇ ಇರುತ್ತಾರೆ.