ಎಂಎಕ್ಸ್-5ಗೆ ಅಗ್ಗದ ಕಾಯ್ಲೋವರ್ ತರಿಸುವ ಮುನ್ನ ಇದನ್ನು ಓದಿ

ಮಾಜ್ದಾ ಎಂಎಕ್ಸ್-5 ಎನ್‌ಬಿ (ಎರಡನೇ ಪೀಳಿಗೆಯ) ಕಾರೊಂದಕ್ಕೆ ಆನ್‌ಲೈನಿನಲ್ಲಿ ತರಿಸಿದ ಅಗ್ಗದ ಕಾಯ್ಲೋವರ್ (ಶಾಕ್ ಸುತ್ತ ಸ್ಪ್ರಿಂಗ್ ಕೂತಿರುವ, ಎತ್ತರ ಹೊಂದಿಸಬಹುದಾದ ಸಸ್ಪೆನ್ಷನ್) ಸೆಟ್ ಹಾಕಿದ ಮೇಲೆ ಏನೇನಾಯಿತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇವೆ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ ಕಡೆ ಇರುವ ನಮ್ಮವರಲ್ಲಿ ಹಲವರು ಹಳೇ ಎಂಎಕ್ಸ್-5 ಕೊಳ್ಳುತ್ತಿದ್ದಾರೆ. ಶಾಕ್ ಅಬ್ಸಾರ್ಬರ್ ಹೋಗಿದೆ ಎಂದು ಗೊತ್ತಾದ ಕೂಡಲೇ ಕಣ್ಣಿಗೆ ಬೀಳುವುದು ಇಂಥ ಸೆಟ್‌ಗಳೇ.

ಮಾರುವವರು ಹೇಳಿದ್ದಿಷ್ಟು: ಮುಂದೆ 8, ಹಿಂದೆ 6 ಕೆ.ಜಿ./ಮಿ.ಮೀ. ಸ್ಪ್ರಿಂಗ್ (ಒಂದು ಮಿ.ಮೀ. ಒತ್ತಲು ಬೇಕಾದ ಭಾರ), 32 ಹಂತಗಳ ಡ್ಯಾಂಪಿಂಗ್ (ಸ್ಪ್ರಿಂಗ್‌ನ ಕುಣಿತವನ್ನು ಶಾಕ್ ತಡೆಯುವ ಬಲ), ರಸ್ತೆಗೂ ಟ್ರ್ಯಾಕಿಗೂ ಸೈ. ಹಾಕಿದ ಮೇಲೆ ಕಾರು ಸುಮಾರು 60 ಮಿ.ಮೀ. ಕೆಳಗೆ ಕೂತಿತು. ಆಮೇಲೆ ಪ್ರತಿ ಗುಂಡಿಗೂ ಸೀಟಿನ ಹಿಂದಿನಿಂದ ಧಡ್ ಎಂಬ ಸದ್ದು. ತಿರುವಿನ ನಡುವೆ ಸಣ್ಣ ಉಬ್ಬು ಸಿಕ್ಕರೂ ಹಿಂಬದಿ ಹಠಾತ್ತನೆ ಪಕ್ಕಕ್ಕೆ ಜಾರುತ್ತಿತ್ತು. ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಹಿಂದಿನ ಎಡ ಶಾಕ್ ಎಣ್ಣೆ ಸೋರಿತು. ಎತ್ತರ ಹೊಂದಿಸುವ ಕಾಲರ್ (ಥ್ರೆಡ್ ಉಂಗುರ) ಹಿಮ ಕರಗಿಸಲು ರಸ್ತೆಗೆ ಚೆಲ್ಲುವ ಉಪ್ಪಿಗೆ ಕಚ್ಚಿಕೊಂಡು ಕೂತಿತು. ಮಾರಿದವರನ್ನು ಕೇಳಿದರೆ, ‘ಸ್ಪರ್ಧೆಗೆ ಬಳಸುವ ಸಾಮಾನಿಗೆ ವಾರಂಟಿ ಇಲ್ಲ’ ಎಂಬ ಉತ್ತರ.

ಶಾಕ್ ಬಿಚ್ಚಿ ರಬ್ಬರ್ ಗವಸು ಮೇಲೆ ಸರಿಸಿದಾಗ ಕಾರಣ ಅಲ್ಲೇ ಕಂಡಿತು. ಬಂಪ್ ಸ್ಟಾಪ್ (ಶಾಕ್ ಪೂರ್ತಿ ಒಳಗೆ ಹೋಗಿ ಬಡಿಯದಂತೆ ತಡೆಯುವ ಮೆತ್ತೆ) ಹೆಬ್ಬೆರಳಿನ ದಪ್ಪವೂ ಇರಲಿಲ್ಲ. ಅದರ ಕೆಳಮುಖ ನುಣ್ಣಗೆ ಸವೆದು, ಒಂದು ಕಡೆ ಹರಿದು, ಕಪ್ಪು ಪುಡಿ ರಾಡ್‌ಗೆ ಮೆತ್ತಿಕೊಂಡಿತ್ತು. ಅಂದರೆ ಕಾರು ಸ್ಪ್ರಿಂಗ್ ಮೇಲೆ ಓಡಿದ್ದಕ್ಕಿಂತ ಬಂಪ್ ಸ್ಟಾಪ್ ಮೇಲೆ ಓಡಿದ್ದೇ ಹೆಚ್ಚು. ತಿರುವಿನಲ್ಲಿ ಹೊರಗಿನ ಚಕ್ರ ಬಂಪ್ ಸ್ಟಾಪ್‌ಗೆ ತಾಗಿದ ಕ್ಷಣ ಆ ಮೂಲೆಯ ಗಡಸುತನ ಹಲವು ಪಟ್ಟು ಏರುತ್ತದೆ, ಭಾರವೆಲ್ಲ ಒಂದೇ ಟೈರಿನ ಮೇಲೆ ಬಿದ್ದು ಹಿಡಿತ ತಪ್ಪುತ್ತದೆ. ಹಿಂಬದಿ ಜಾರುತ್ತಿದ್ದದ್ದು ಇದಕ್ಕೇ. ಟೈರ್ ಬದಲಿಸಿದ್ದರೂ ಅದು ನಿಲ್ಲುತ್ತಿರಲಿಲ್ಲ.

ಆದ್ದರಿಂದ ಸೆಟ್ ಆರಿಸುವಾಗ ಮೊದಲು ಕೇಳಬೇಕಾದದ್ದು ಸ್ಪ್ರಿಂಗ್ ಎಷ್ಟು ಗಡಸು ಎಂದಲ್ಲ. ನೀವು ಓಡಿಸುವ ಎತ್ತರದಲ್ಲಿ ಬಂಪ್ ಸ್ಟಾಪ್ ತಾಗುವ ಮುನ್ನ ರಾಡ್ ಎಷ್ಟು ಮಿ.ಮೀ. ಒಳಗೆ ಹೋಗುತ್ತದೆ ಎಂದು. 1989ರಿಂದ 2005ರವರೆಗಿನ ಎನ್‌ಎ (ಮೊದಲ ಪೀಳಿಗೆ), ಎನ್‌ಬಿ ಎರಡರಲ್ಲೂ ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್ (ಮೇಲೊಂದು ಕೆಳಗೊಂದು ತೋಳು ಚಕ್ರವನ್ನು ಹಿಡಿಯುವ ವ್ಯವಸ್ಥೆ) ಇದೆ, ಆದರೆ ಶಾಕ್‌ಗೆ ಸಿಗುವ ಜಾಗ ಮೊದಲಿನಿಂದಲೂ ಕಡಿಮೆ. ಎನ್‌ಬಿಯ ಮೇಲಿನ ಮೌಂಟ್ (ಶಾಕ್ ಕಾರಿನ ಮೈಗೆ ಸೇರುವ ಭಾಗ) ಎನ್‌ಎಯದಕ್ಕಿಂತ ಹೆಚ್ಚು ಚಲನೆಗೆ ಎಡೆಕೊಡುತ್ತದೆ. ಸೆಟ್ ಯಾವ ಮೌಂಟ್‌ಗೆ ಹೊಂದುತ್ತದೆ ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಎತ್ತರ ಇಳಿಸಲು ಶಾಕ್ ಮೈಯೇ ಗಿಡ್ಡವಾಗಿರಬೇಕು. ಉದ್ದದ ಶಾಕ್ ಇಟ್ಟು, ಬಂಪ್ ಸ್ಟಾಪ್ ಕತ್ತರಿಸಿ ಜಾಗ ಮಾಡಿದರೆ ಪಿಸ್ಟನ್ ನೇರವಾಗಿ ಶಾಕ್‌ನ ತಳಕ್ಕೆ ಬಡಿಯುತ್ತದೆ. ಆಮೇಲೆ ಸೀಲ್ ಹೋಗುತ್ತದೆ, ಎಣ್ಣೆ ಹೊರಬರುತ್ತದೆ.

ಇನ್ನು ಸ್ಪ್ರಿಂಗ್. ಕಂಪನಿಯಿಂದ ಬಂದ ಮುಂದಿನ ಸ್ಪ್ರಿಂಗ್ ಹೆಚ್ಚೂಕಡಿಮೆ 3 ಕೆ.ಜಿ./ಮಿ.ಮೀ. ಶಾಕ್ ಕೂತಿರುವುದು ಚಕ್ರಕ್ಕಿಂತ ಒಳಗೆ. ಚಕ್ರ 10 ಮಿ.ಮೀ. ಮೇಲೆದ್ದರೆ ಶಾಕ್ ಸುಮಾರು 7 ಮಿ.ಮೀ. ಮಾತ್ರ ಒಳಗೆ ಹೋಗುತ್ತದೆ. ಆ 0.7ನ್ನು ಅದರಿಂದಲೇ ಗುಣಿಸಿದರೆ 0.49, ಅಂದರೆ ಚಕ್ರಕ್ಕೆ ತಟ್ಟುವುದು ಸ್ಪ್ರಿಂಗ್‌ನ ಅರ್ಧ ಗಡಸುತನ. ಒಂದು ಮೂಲೆಯಲ್ಲಿ ಸ್ಪ್ರಿಂಗ್ ಹೊರುವ ಭಾರ 230 ಕೆ.ಜಿ. ಎಂದಿಟ್ಟುಕೊಂಡರೆ 3ರ ಸ್ಪ್ರಿಂಗ್‌ನಲ್ಲಿ ಕಾರು ಸೆಕೆಂಡಿಗೆ ಸುಮಾರು 1.3 ಸಲ ಮೇಲೆ-ಕೆಳಗೆ ತೂಗುತ್ತದೆ, 5ರಲ್ಲಿ 1.6 ಸಲ, 8ರಲ್ಲಿ 2 ಸಲ. ಕೊನೆಯದು ಟ್ರ್ಯಾಕ್ ಕಾರಿನ ಲೆಕ್ಕ. ನಿತ್ಯ ಓಡಿಸುವ, ತಿಂಗಳಿಗೊಮ್ಮೆ ಘಾಟಿ ರಸ್ತೆಗೆ ಹೋಗುವ ಕಾರಿಗೆ ಮುಂದೆ 5ರ ಆಸುಪಾಸು, ಹಿಂದೆ ಅದಕ್ಕಿಂತ ಒಂದಿಷ್ಟು ಕಡಿಮೆ ಸಾಕು ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಪೌಂಡ್/ಇಂಚಿನಲ್ಲಿ ಬರೆದಿದ್ದರೆ 56ರಿಂದ ಭಾಗಿಸಿ.

ಸ್ಪ್ರಿಂಗ್ ಗಡಸಾದಂತೆ ಡ್ಯಾಂಪಿಂಗ್ ಕೂಡ ಏರಲೇಬೇಕು. 3ರಿಂದ 8ಕ್ಕೆ ಹೋದರೆ ಡ್ಯಾಂಪಿಂಗ್ ಒಂದೂಕಾಲಲ್ಲ, ಒಂದೂವರೆಗಿಂತಲೂ ಹೆಚ್ಚು ಪಟ್ಟು ಬೇಕು. ಅಗ್ಗದ ಸೆಟ್‌ಗಳಲ್ಲಿ ಇದೇ ಸೋಲು: ಸ್ಪ್ರಿಂಗ್ ಗಟ್ಟಿ, ಶಾಕ್ ಸಡಿಲ. 32 ಹಂತ ಎಂಬ ಸಂಖ್ಯೆಗೆ ಮರುಳಾಗಬೇಡಿ. ಬದಲಾವಣೆಯೆಲ್ಲ ಕೊನೆಯ ನಾಲ್ಕೈದು ಹಂತದಲ್ಲೇ ಆಗಿ, ಉಳಿದವು ಬರೀ ಕ್ಲಿಕ್ ಸದ್ದಾಗಿರುವುದು ಸಾಮಾನ್ಯ. ಹೆಸರಿರುವ ತಯಾರಕರ ಬಳಿ ಡೈನೋ ಗ್ರಾಫ್ (ಶಾಕ್ ಎಷ್ಟು ತಡೆಯುತ್ತದೆ ಎಂದು ಯಂತ್ರದಲ್ಲಿ ಅಳೆದ ನಕ್ಷೆ) ಇರುತ್ತದೆ, ಕೇಳಿ. ಗ್ರಾಫ್ ಕೊಡದವರಿಂದ ಕೊಳ್ಳಬೇಡಿ. ಬಿಲ್‌ಸ್ಟೈನ್, ಓಲಿನ್ಸ್ ಶಾಕ್‌ಗಳನ್ನು ಬಿಚ್ಚಿ ಹೊಸ ಸೀಲ್, ಎಣ್ಣೆ ಹಾಕಿಸಿ ಮತ್ತೆ ಬಳಸಬಹುದು. ಆ ಅನುಕೂಲವೂ ಬೆಲೆಯಲ್ಲಿ ಸೇರಿದೆ ಎಂದು ಲೆಕ್ಕ ಹಾಕಿ.

ಹಾಕಿಸುವಾಗಲೂ ಕೆಲಸ ಕೆಡುತ್ತದೆ. ಇದೇ ಕಾರಿನಲ್ಲಿ ಚಕ್ರಗಳು ಗಾಳಿಯಲ್ಲಿ ನೇತಾಡುತ್ತಿದ್ದಾಗಲೇ ಕಂಟ್ರೋಲ್ ಆರ್ಮ್‌ನ (ಚಕ್ರವನ್ನು ಹಿಡಿಯುವ ತೋಳಿನ) ಬೋಲ್ಟ್‌ಗಳನ್ನು ಬಿಗಿದಿದ್ದರು. ಕಾರು ಇಳಿಸಿದಾಗ ರಬ್ಬರ್ ಬುಶ್ ತಿರುಚಿಕೊಂಡು, ಕೆಲವೇ ದಿನದಲ್ಲಿ ಸೀಳಿತು. ಚಕ್ರದ ಮೇಲೆ ಕಾರಿನ ಭಾರ ಬಿದ್ದು, ಓಡಿಸುವ ಎತ್ತರಕ್ಕೆ ಬಂದ ಮೇಲೆಯೇ ಕೊನೆಯ ಬಿಗಿತ ಕೊಡಬೇಕು. ಎತ್ತರವನ್ನು ಸ್ಪ್ರಿಂಗ್ ಕೆಳಗಿನ ಕಾಲರ್‌ನಿಂದ ಹೊಂದಿಸುವ ಸೆಟ್ ಬೇರೆ, ಶಾಕ್‌ನ ಮೈಯನ್ನೇ ಕೆಳಗಿನ ಬ್ರಾಕೆಟ್‌ಗೆ ತಿರುಗಿಸಿ ಹೊಂದಿಸುವ ಸೆಟ್ ಬೇರೆ. ಎರಡನೆಯದರಲ್ಲಿ ಎತ್ತರ ಇಳಿಸಿದರೂ ಶಾಕ್‌ನ ಚಲನೆ ಉಳಿಯುತ್ತದೆ, ಆದರೆ ಬ್ರಾಕೆಟ್‌ನೊಳಗೆ ಸಾಕಷ್ಟು ಥ್ರೆಡ್ ಹಿಡಿದಿದೆಯೇ ನೋಡಿಕೊಳ್ಳಬೇಕು, ಟೈರು ಮಡ್‌ಗಾರ್ಡ್‌ಗೆ ಉಜ್ಜುವುದಿಲ್ಲವೇ ಅನ್ನುವುದನ್ನೂ. ಜ್ಯಾಕ್ ಏರಿಸಿದಾಗ ಸ್ಪ್ರಿಂಗ್ ಕೈಯಲ್ಲಿ ಅಲುಗಾಡಿದರೆ ಹೆಲ್ಪರ್ ಸ್ಪ್ರಿಂಗ್ (ಆ ಸಡಿಲ ತುಂಬುವ ಚಿಕ್ಕ ಸ್ಪ್ರಿಂಗ್) ಬೇಕು. ಥ್ರೆಡ್‌ಗೆ ಆ್ಯಂಟಿ-ಸೀಜ್ (ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ಹಚ್ಚುವುದನ್ನು ಮರೆಯಬೇಡಿ.

ಎತ್ತರದ ಮಿತಿ: ಕಂಪನಿ ಇಟ್ಟದ್ದಕ್ಕಿಂತ 25-30 ಮಿ.ಮೀ. ಕೆಳಗೆ. ಅದಕ್ಕಿಂತ ಇಳಿಸಿದರೆ ರೋಲ್ ಸೆಂಟರ್ (ತಿರುವಿನಲ್ಲಿ ಕಾರು ಯಾವುದರ ಸುತ್ತ ವಾಲುತ್ತದೋ ಆ ಬಿಂದು) ಕಾರಿನ ಗುರುತ್ವಕೇಂದ್ರಕ್ಕಿಂತ ಹೆಚ್ಚು ವೇಗವಾಗಿ ಕೆಳಗಿಳಿದು, ಕಾರು ತಿರುವಿನಲ್ಲಿ ಕಡಿಮೆಯಲ್ಲ, ಹೆಚ್ಚು ವಾಲಲು ನೋಡುತ್ತದೆ. ಜರ್ಮನಿಯಲ್ಲಿರುವವರು ಪ್ರಮಾಣಪತ್ರವಿಲ್ಲದ ಸೆಟ್ ಕೊಂಡರೆ ಟ್ಯೂಫ್ (ಅಲ್ಲಿನ ವಾಹನ ತಪಾಸಣಾ ಸಂಸ್ಥೆ) ತಪಾಸಣೆಯಲ್ಲಿ ಸಿಕ್ಕಿಬೀಳುತ್ತಾರೆ.

ಈಗಾಗಲೇ ಹಾಕಿಸಿಬಿಟ್ಟಿದ್ದರೆ ಒಂದು ಪರೀಕ್ಷೆ ಇದೆ. ಪ್ರತಿ ಶಾಕ್‌ನ ಗವಸು ಎತ್ತಿ, ರಾಡ್‌ಗೆ ಒಂದು ಕೇಬಲ್ ಟೈ ಕಟ್ಟಿ, ಶಾಕ್‌ನ ಮೈಗೆ ತಾಗುವಂತೆ ಕೆಳಕ್ಕೆ ತಳ್ಳಿ. ನೀವು ದಿನಾ ಹೋಗುವ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ರಾಡ್ ಒಳಹೊಕ್ಕಷ್ಟೂ ಟೈ ಮೇಲಕ್ಕೆ ಸರಿದಿರುತ್ತದೆ. ಮಾಮೂಲಿ ಗುಂಡಿಗಳಲ್ಲೇ ಅದು ಬಂಪ್ ಸ್ಟಾಪ್‌ವರೆಗೆ ಹೋಗಿ ಒತ್ತಿಕೊಂಡಿದ್ದರೆ ಎತ್ತರ ಏರಿಸಿ, ಕತ್ತರಿಸದ ಬಂಪ್ ಸ್ಟಾಪ್ ಹಾಕಿಸಿ, ಆಮೇಲೆ ಅಲೈನ್‌ಮೆಂಟ್ ಮಾಡಿಸಿ. ಎತ್ತರ ಬದಲಾದರೆ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು), ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ತಿರುಗಿರುವುದು) ಎರಡೂ ಬದಲಾಗುತ್ತವೆ. ರಾಡ್ ಎಣ್ಣೆಯಿಂದ ಒದ್ದೆಯಾಗಿ ಧೂಳು ಹಿಡಿದಿದ್ದರೆ ಆ ಶಾಕ್ ಮುಗಿದಂತೆ. ಹೊಸದು ಬರುವವರೆಗೆ ಹಳೇ ಶಾಕ್, ಸ್ಪ್ರಿಂಗ್‌ಗಳನ್ನೇ ಮರಳಿ ಹಾಕಿ ಓಡಿಸಿ.